ಹಿನ್ನೆಲೆ ತಂತ್ರಾಂಶ ಉಚ್ಚಾಟನ ಮೀಮಾಂಸೆ: ಕೆಜಿಎಫ್–ಬಂಗಾರಪೇಟೆ ಪ್ರಮಾಣಗಳ ಸಹಿತ

ಪ್ರತಿಜ್ಞೆ

ವಿಂಡೋಸ್ ಕಂಪ್ಯೂಟರಿನ ಹಿನ್ನೆಲೆಯಲ್ಲಿ ಕರೆಯದೆ ಬಂದು ಕೂತು, ಕೇಳದ ಕೆಲಸ ಮಾಡುತ್ತ, ಮೆಮೊರಿಯನ್ನು ತಿಂದು ತೇಗುವ ತಂತ್ರಾಂಶಗಳನ್ನು ಕಮಾಂಡ್ ಲೈನಿನಿಂದ ಹೊರಹಾಕುವುದು ಹೇಗೆ ಎಂಬ ವಿಷಯದಲ್ಲಿ ಈವರೆಗೆ ಬಾಯಿ ಹಾಕಿದವರೆಲ್ಲ ತಂತ್ರಜ್ಞರು. ಶಾಸ್ತ್ರಜ್ಞರು ಆ ಕಡೆ ತಲೆ ಹಾಕಿಯೂ ಮಲಗಿಲ್ಲ. ಅದರ ಫಲವಾಗಿ ಆಜ್ಞೆಗಳು ರಾಶಿ ಬಿದ್ದಿವೆ, ಸಿದ್ಧಾಂತ ಒಂದೂ ಇಲ್ಲ. ಕೀಳಲು ಕೈ ತುರಿಸುವವರು ಬೇಕಾದಷ್ಟಿದ್ದಾರೆ, ಯಾವುದನ್ನು ಏಕೆ ಕೀಳಬೇಕೆಂದು ಹೇಳುವವರಿಲ್ಲ. ಈ ದಾರಿದ್ರ್ಯವನ್ನು ನೀಗಿಸಲು ಪ್ರಸ್ತುತ ಪ್ರಬಂಧ ಹೊರಟಿದೆ. ನಮ್ಮ ಪ್ರತಿಜ್ಞೆ ಇದು: ಉಚ್ಚಾಟನ ವಿದ್ಯೆ ಗಣಿಶಾಸ್ತ್ರದ ಒಂದು ಅಂಗ, ಕಂಪ್ಯೂಟರ್ ವಿಭಾಗದವರು ಅದನ್ನು ಒತ್ತುವರಿ ಮಾಡಿಕೊಂಡಿದ್ದಾರೆ. ಅದರ ಪೀಠ ಮೈಕ್ರೋಸಾಫ್ಟಿನ ರೆಡ್ಮಂಡ್‌ನಲ್ಲಿ ಇರುವುದಕ್ಕಿಂತ ಕೋಲಾರದ ಚಿನ್ನದ ಗಣಿಯೂರಾದ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಇರುವುದು ನ್ಯಾಯ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಇಳಿದು, ಮಾರಿಕುಪ್ಪಂ ಗಾಡಿ ಹತ್ತಿ, ಕೋರಮಂಡಲ್, ಊರಿಗಾಂ, ಚಾಂಪಿಯನ್ ಸ್ಟೇಷನ್ನುಗಳನ್ನು ದಾಟಿ ಬಂದವರಿಗಷ್ಟೇ ಈ ಶಾಸ್ತ್ರದಲ್ಲಿ ಅಧಿಕಾರ ಹುಟ್ಟುತ್ತದೆ.

ವಿಧಾನದ ಬಗ್ಗೆ ಎರಡು ಮಾತು. ಹಿರಿಯರ ಪದ್ಧತಿಯಂತೆ ಮೊದಲು ಲಕ್ಷಣ, ಆಮೇಲೆ ಪ್ರಮಾಣ, ಆಮೇಲೆ ವಿಧಿ, ಕೊನೆಗೆ ಪೂರ್ವಪಕ್ಷಗಳ ಖಂಡನೆ ಬರುತ್ತದೆ. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲೇ ಕೊಡಲಾಗಿದೆ. ಇವನ್ನು ಹೀಗೆಯೇ ಟೈಪ್ ಮಾಡಿದರೆ ಯಂತ್ರ ಗುರುತು ಹಿಡಿಯುವುದಿಲ್ಲ, ಆದ್ದರಿಂದ ಯಾರ ಕಂಪ್ಯೂಟರಿಗೂ ಏನೂ ಆಗುವುದಿಲ್ಲ. ಓದುಗರು ಇದನ್ನು ಮುದ್ರಣದ ತೊಡಕೆಂದು ಗೊಣಗದೆ ಪ್ರಬಂಧದ ಸುರಕ್ಷತಾ ವ್ಯವಸ್ಥೆಯೆಂದು ತಿಳಿಯಬೇಕು. ಗಣಿಗೆ ಇಳಿಯುವವರಿಗೆ ಹೆಲ್ಮೆಟ್ ಒದಗಿಸುವುದು ಇಳಿಸುವವರ ಹೊಣೆ.

ಲಕ್ಷಣ

'ಅನಗತ್ಯ' ಎಂದರೆ ಯಾವುದು? ನಾನು ಹಾಕಿಕೊಳ್ಳದ್ದೆಲ್ಲ ಅನಗತ್ಯ ಎಂಬುದು ಪ್ರಚಲಿತ ಲಕ್ಷಣ. ಇದರಲ್ಲಿ ಅತಿವ್ಯಾಪ್ತಿ ದೋಷವಿದೆ: ಕೀಬೋರ್ಡಿನ ಡ್ರೈವರನ್ನೂ ಯಾರೂ ಹಾಕಿಕೊಂಡಿರುವುದಿಲ್ಲ, ಅದನ್ನು ಕಿತ್ತ ಮೇಲೆ ಮುಂದಿನ ಆಜ್ಞೆ ಟೈಪ್ ಮಾಡಲು ಕೀಬೋರ್ಡ್ ಇರುವುದಿಲ್ಲ. ಹಾಗಾದರೆ, ನಾನು ಬಳಸದ್ದು ಅನಗತ್ಯ ಎನ್ನೋಣವೆ? ಪ್ರಿಂಟ್ ಸ್ಪೂಲರ್ ಎಂಬ ಸೇವೆ ವರ್ಷವಿಡೀ ಸುಮ್ಮನೆ ಕೂತಿರುತ್ತದೆ. ಸಾಲದ ಅರ್ಜಿಗೆ ಪಹಣಿ ಪ್ರಿಂಟ್ ತೆಗೆಯಬೇಕಾದ ಒಂದೇ ಒಂದು ದಿನ ಅದರ ಬೆಲೆ ತಿಳಿಯುತ್ತದೆ. ಇದೇ ಲಕ್ಷಣಕ್ಕೆ ಅವ್ಯಾಪ್ತಿ ದೋಷವೂ ಅಂಟಿದೆ: ವಿಂಡೋಸ್ 10ರ ಜೊತೆ ಕೇಳದೆಯೇ ಬಂದ ಕ್ಯಾಂಡಿ ಕ್ರಶ್ ಎಲ್ಲರ ಅಭಿಪ್ರಾಯದಲ್ಲೂ ಅನಗತ್ಯ, ಆದರೆ ಮನೆಯ ಯಜಮಾನರು ಅದರಲ್ಲಿ ನೂರಾರು ಹಂತ ದಾಟಿ ಕೂತಿರುತ್ತಾರೆ. ಇನ್ನು 'ಬೇಡವೆಂದರೆ ತಾನಾಗಿ ಹೊರಟುಹೋಗುವುದು ಅನಗತ್ಯ' ಎಂಬ ಮೂರನೆಯ ಲಕ್ಷಣಕ್ಕೆ ಅಸಂಭವ ದೋಷ. ಅಂಥ ತಂತ್ರಾಂಶ ಇದುವರೆಗೆ ಹುಟ್ಟಿಲ್ಲ.

ಈ ಗಂಟನ್ನು ಬಿಡಿಸಿದ್ದು ಕೆಜಿಎಫ್. ಅನಗತ್ಯ ಹಿನ್ನೆಲೆಯನ್ನು ನಿವಾರಿಸುವ ಕೆಲಸ ನಮ್ಮ ದೇಶದಲ್ಲಿ ಶಾಸ್ತ್ರೋಕ್ತವಾಗಿ ನಡೆದದ್ದೇ ಅಲ್ಲಿ, ವಿಂಡೋಸ್ ಹುಟ್ಟುವುದಕ್ಕೂ ಮೂರು ದಶಕ ಮೊದಲು. ಆಕಾಶದಿಂದ ಹಗಲಿರುಳೂ ಸುರಿಯುವ ಕಾಸ್ಮಿಕ್ ಕಿರಣಗಳ ಗದ್ದಲದಲ್ಲಿ ಸೂಕ್ಷ್ಮವಾದ ಕಣಗಳ ಸದ್ದು ಭೌತಶಾಸ್ತ್ರಜ್ಞರಿಗೆ ಕೇಳಿಸುವುದಿಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರು 1951ರಲ್ಲಿ ಹೋಮಿ ಭಾಭಾ ಅವರ ಸೂಚನೆಯಂತೆ ಉಪಕರಣ ಹೊತ್ತು ಈ ಗಣಿಗಳಿಗೆ ಇಳಿದು, ಆಳ ಹೆಚ್ಚಿದಂತೆ ಮ್ಯೂಆನ್ ಕಣಗಳು ಎಷ್ಟು ಕಡಿಮೆಯಾಗುತ್ತವೆಂದು ಅಳೆದರು. ಅರವತ್ತರ ದಶಕದ ಆರಂಭದಲ್ಲಿ ಇನ್ನೂ ಕೆಳಕ್ಕೆ ಹೋದಾಗ ವಾರಗಟ್ಟಲೆ ಕಾದರೂ ಒಂದು ಮ್ಯೂಆನ್ ದಾಖಲಾಗಲಿಲ್ಲ. ಅಷ್ಟು ನಿಶ್ಶಬ್ದ ಸಿಕ್ಕ ಮೇಲೆ, 1965ರಲ್ಲಿ, ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್‌ಹ್ಯಾಂ ವಿಶ್ವವಿದ್ಯಾಲಯಗಳ ತಂಡ ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಕೆಳಗೆ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ ಸುಳಿವನ್ನು ಹಿಡಿಯಿತು. ಅದೇ ವರ್ಷ ಬೇರೊಂದು ತಂಡ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇದನ್ನೇ ಕಂಡಿತು. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತಿರುವ ಹೆಮ್ಮೆ. ಶಾಸ್ತ್ರಕ್ಕೆ ಮುಖ್ಯವಾದದ್ದು ಮುಂದಿನದು. 1980ರ ದಶಕದಲ್ಲಿ ಇದೇ ಗಣಿಗಳಲ್ಲಿ ಪ್ರೋಟಾನ್ ಕ್ಷಯಿಸುತ್ತದೆಯೇ ಎಂದು ನೋಡುವ ಪ್ರಯೋಗ ಹೂಡಿದರು. ಆಗ ಕಾಟ ಕೊಟ್ಟ ಹಿನ್ನೆಲೆ ಯಾವುದು? 1965ರಲ್ಲಿ ಜಗತ್ತು ಕೈಮುಗಿದಿದ್ದ ಅದೇ ನ್ಯೂಟ್ರಿನೊ. ಒಂದು ಪ್ರಯೋಗದ ನಿಧಿ ಇನ್ನೊಂದು ಪ್ರಯೋಗದ ಕಸ. ಕಣ ಬದಲಾಗಲಿಲ್ಲ, ಕೇಳಿದ ಪ್ರಶ್ನೆ ಬದಲಾಯಿತು.

ನೆಲದ ಮೇಲೂ ಇದೇ ಸಾಕ್ಷ್ಯ. ಪಾದರಸದಿಂದ ಚಿನ್ನ ಬಿಡಿಸುತ್ತಿದ್ದ ಕಾಲದಲ್ಲಿ ಅರೆದ ಮರಳನ್ನು ತ್ಯಾಜ್ಯವೆಂದು ಬಿಸಾಡುತ್ತಿದ್ದರು. 1887ರಲ್ಲಿ ಗ್ಲಾಸ್ಗೋದಲ್ಲಿ ಸೈನೈಡ್ ವಿಧಾನಕ್ಕೆ ಪೇಟೆಂಟ್ ಸಿಕ್ಕ ಮೇಲೆ ಬಿಸಾಡಿದ್ದೇ ಅದಿರಾಯಿತು. ಸೈನೈಡಿನಲ್ಲಿ ತೊಳೆದ ಮಣ್ಣು ಮತ್ತೆ ತ್ಯಾಜ್ಯವಾಗಿ, ಬೆಟ್ಟ ಬೆಟ್ಟವಾಗಿ ಊರ ನಡುವೆ ನಿಂತಿತು. ಗಾಳಿಗಾಲದಲ್ಲಿ ಅದರ ದೂಳು ರಾಬರ್ಟ್‌ಸನ್‌ಪೇಟೆಯ ಅನ್ನದ ತಟ್ಟೆಯವರೆಗೂ ಬಂತು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಅಂಥ 13 ದಿಬ್ಬಗಳನ್ನು ಅಗೆದು ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟದ್ದರಿಂದ, ಮೂರು ಕೋಟಿ ಟನ್ನಿಗೂ ಹೆಚ್ಚಿನ ಆ ತ್ಯಾಜ್ಯ ಕಾಗದದ ಮೇಲೆ ಮತ್ತೊಮ್ಮೆ ಅದಿರಿನ ಪದವಿಗೆ ಏರಿತು. ಆದ್ದರಿಂದ ಲಕ್ಷಣವನ್ನು ಹೀಗೆ ತಿದ್ದುತ್ತೇವೆ: ಯಾರು, ಯಾವಾಗ, ಯಾವುದಕ್ಕಾಗಿ ಯಂತ್ರವನ್ನು ಕೂಗುತ್ತಾರೋ, ಅವರಿಗೆ ಆಗ ಯಂತ್ರ ಓಗೊಡದಂತೆ ಮಾಡುವುದು ಅನಗತ್ಯ. ಬೇಡವೆಂಬುದು ತಂತ್ರಾಂಶದ ಹಣೆಯಲ್ಲಿ ಬರೆದಿರುವುದಿಲ್ಲ. ಅದನ್ನು ಬರೆಯುವವರು ನಾವು. ಬರೆಯುವವರಿಗೆ ಹೆಸರು ಗೊತ್ತಿರಬೇಕು ಎಂಬುದೇ ಈ ಪ್ರಬಂಧದ ಒಟ್ಟು ತಾತ್ಪರ್ಯ.

ಪ್ರಮಾಣ

ಹೆಸರು ತಿಳಿಯುವ ಸಾಧನ ಪಟ್ಟಿ. ಟಾಸ್ಕ್‌ಲಿಸ್ಟ್ ಎಂದು ಹೊಡೆದರೆ ಆ ಕ್ಷಣ ಓಡುತ್ತಿರುವುದೆಲ್ಲ ಸಾಲಾಗಿ ಬಂದು ನಿಲ್ಲುತ್ತದೆ. ಮೊದಲ ನೋಟಕ್ಕೆ ಎದೆ ಝಲ್ಲೆನ್ನುವುದು ಸಹಜ, ಏಕೆಂದರೆ ಅರ್ಧದಷ್ಟು ಸಾಲುಗಳಲ್ಲಿ ಎಸ್‌ವಿಸಿಹೋಸ್ಟ್ ಎಂಬ ಒಂದೇ ಹೆಸರು. ನವಶಿಷ್ಯರು ಇದನ್ನು ವೈರಸ್ಸಿನ ಸಂತಾನವೆಂದು ಭಾವಿಸಿ ಕಿರುಚುತ್ತಾರೆ. ಅದು ಬರೀ ತೊಟ್ಟಿಲು, ಒಳಗೆ ಮಲಗಿರುವವರು ಬೇರೆ ಬೇರೆ. ಅದೇ ಆಜ್ಞೆಯ ಕೊನೆಗೆ ಓರೆಗೆರೆ ಎಸ್‌ವಿಸಿ ಎಂದು ಸೇರಿಸಿದರೆ ಯಾವ ತೊಟ್ಟಿಲಲ್ಲಿ ಯಾವ ಸೇವೆ ಇದೆಯೆಂಬುದು ಬಯಲಾಗುತ್ತದೆ. ಅಲ್ಲಿ ಇನ್ನೊಂದು ತೊಡಕು: ವಿಂಡೋಸಿನ ಪ್ರತಿ ಸೇವೆಗೂ ಎರಡು ಹೆಸರು. ಜನರಿಗೆ ತೋರಿಸಲು 'ಕನೆಕ್ಟೆಡ್ ಯೂಸರ್ ಎಕ್ಸ್‌ಪೀರಿಯೆನ್ಸಸ್ ಆ್ಯಂಡ್ ಟೆಲಿಮೆಟ್ರಿ' ಎಂಬ ಮದುವೆ ಪತ್ರಿಕೆಯ ಹೆಸರು; ಒಳಗಿನ ವ್ಯವಹಾರಕ್ಕೆ ಡಯಾಗ್‌ಟ್ರ್ಯಾಕ್ ಎಂಬ ನಿಜನಾಮ. ಕಮಾಂಡ್ ಲೈನಿನ ಎಸ್‌ಸಿ ಆಜ್ಞೆ ಎರಡನೆಯದಕ್ಕೆ ಮಾತ್ರ ಕಿವಿಗೊಡುತ್ತದೆ.

ಬಂಗಾರಪೇಟೆಯವರಿಗೆ ಇದರಲ್ಲಿ ಹೊಸತೇನೂ ಕಾಣದು. ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಅವರ ನೆನಪಿಗೆ ಊರನ್ನು ಒಂದು ಕಾಲಕ್ಕೆ ಬೌರಿಂಗ್‌ಪೇಟೆ ಎಂದು ಕರೆದರು. ಆಮೇಲೆ ಬಂಗಾರಪೇಟೆಯಾಯಿತು, ಬೋರ್ಡು ಬದಲಾಯಿತು, ಬಸ್ಸಿನ ಫಲಕ ಬದಲಾಯಿತು, ಜನರ ನಾಲಗೆ ಬದಲಾಯಿತು. ರೈಲ್ವೆಯ ಒಳಪುಸ್ತಕದಲ್ಲಿ ಮಾತ್ರ ಸ್ಟೇಷನ್ನಿನ ಸಂಕೇತ ಇಂದಿಗೂ ಬಿ ಡಬ್ಲ್ಯೂ ಟಿ. ಟಿಕೆಟ್ ಕಾಯ್ದಿರಿಸುವ ಯಂತ್ರದ ಪಾಲಿಗೆ ಬೌರಿಂಗ್ ಸಾಹೇಬರು ಇನ್ನೂ ವರ್ಗವಾಗಿಲ್ಲ. ತೋರಿಕೆಯ ಹೆಸರನ್ನು ಅಳಿಸಿದ ಮಾತ್ರಕ್ಕೆ ಒಳಹೆಸರು ಅಳಿಯದು ಎಂಬ ಸೂತ್ರಕ್ಕೆ ಇದಕ್ಕಿಂತ ಗಟ್ಟಿ ಪ್ರತ್ಯಕ್ಷ ಪ್ರಮಾಣವನ್ನು ನಾವು ಕಾಣೆವು. ಡೆಸ್ಕ್‌ಟಾಪಿನ ಮೇಲಿನ ಚಿತ್ರವನ್ನು ಕಸದ ಬುಟ್ಟಿಗೆ ಎಳೆದುಹಾಕಿ 'ತೆಗೆದುಬಿಟ್ಟೆ' ಎಂದು ಬೀಗುವವರು ಸ್ಟೇಷನ್ನಿನ ಬೋರ್ಡಿಗೆ ಬಣ್ಣ ಬಳಿದವರ ಸಾಲಿಗೆ ಸೇರುತ್ತಾರೆ.

ಪಟ್ಟಿ ಮಾಡುವುದರಲ್ಲೂ ಹಿಂಸೆ ಇರಬಹುದೆಂಬುದನ್ನು ಇಲ್ಲೇ ಹೇಳಬೇಕು. ಹಳೆಯ ಗುರುಗಳು ಡಬ್ಲ್ಯೂಮಿಕ್ ಪ್ರಾಡಕ್ಟ್ ಎಂಬ ಆಜ್ಞೆಯನ್ನು ಉಪದೇಶಿಸುತ್ತಿದ್ದರು. ಇನ್‌ಸ್ಟಾಲ್ ಆಗಿರುವುದನ್ನೆಲ್ಲ ಹೇಳು ಎಂದರೆ ಅದು ಸುಮ್ಮನೆ ಹೇಳುವುದಿಲ್ಲ. ಒಂದೊಂದನ್ನೂ ಎಬ್ಬಿಸಿ, ಮೈ ಮುಟ್ಟಿ ನೋಡಿ, ಎಲ್ಲಾದರೂ ಕೆಟ್ಟಿದ್ದರೆ ರಿಪೇರಿಗೂ ಕೂರುತ್ತದೆ. ಕೀಳಲೆಂದು ಎಣಿಸಹೋದರೆ ಗುಣಪಡಿಸಿ ಕಳಿಸುವ ಈ ಕರುಣಾಳುವನ್ನು ಮೈಕ್ರೋಸಾಫ್ಟ್ ಈಗ ನಿವೃತ್ತಿಗೊಳಿಸುತ್ತಿದೆ. ಅದರ ಜಾಗದಲ್ಲಿ 2021ರಲ್ಲಿ ಬಂದ ವಿಂಗೆಟ್ ಇದೆ. ವಿಂಗೆಟ್ ಲಿಸ್ಟ್ ಎಂದರೆ ಪಟ್ಟಿ, ವಿಂಗೆಟ್ ಅನ್‌ಇನ್‌ಸ್ಟಾಲ್ ಎಂದು ಹೆಸರು ಹೇಳಿದರೆ ಉಚ್ಚಾಟನೆ. ನಡುವೆ ಮರುಕಕ್ಕೆ ಎಡೆಯಿಲ್ಲ.

ವಿಧಿ

ಉಚ್ಚಾಟನೆಗೆ ಮೂರು ಮೆಟ್ಟಿಲು: ನಿಲ್ಲಿಸುವುದು, ಏಳದಂತೆ ಮಾಡುವುದು, ಕಿತ್ತುಹಾಕುವುದು. ಮೊದಲ ಮೆಟ್ಟಿಲಿನ ಆಜ್ಞೆ ಟಾಸ್ಕ್‌ಕಿಲ್. ಹೆಸರು ಕೇಳಿದರೆ ಬ್ರಹ್ಮಾಸ್ತ್ರದಂತಿದೆ, ಪರಿಣಾಮ ಮಾತ್ರ ಅರೆನಿಮಿಷದ್ದು. ಅನೇಕ ಸೇವೆಗಳ ಜಾತಕದಲ್ಲೇ 'ಸತ್ತರೆ ಮತ್ತೆ ಎಬ್ಬಿಸಿ' ಎಂದು ಬರೆದಿರುತ್ತದೆ. ಎಸ್‌ಸಿ ಕ್ಯೂಫೇಲ್ಯೂರ್ ಎಂಬ ಆಜ್ಞೆಯಿಂದ ಆ ಬರಹವನ್ನು ಓದಬಹುದು. ಎರಡನೆಯ ಮೆಟ್ಟಿಲಿಗೆ ಎಸ್‌ಸಿ ಕಾನ್ಫಿಗ್ ಎಂದು ಬರೆದು, ಸೇವೆಯ ನಿಜನಾಮ ಹೇಳಿ, ಸ್ಟಾರ್ಟ್, ಸಮ ಚಿಹ್ನೆ, ಆಮೇಲೆ ಒಂದು ಖಾಲಿ ಜಾಗ, ಆಮೇಲೆ ಡಿಸೇಬಲ್ಡ್ ಎಂದು ಮುಗಿಸಬೇಕು. ಸಮ ಚಿಹ್ನೆಯ ಹಿಂದೆ ಜಾಗ ಬಿಡಕೂಡದು, ಮುಂದೆ ಬಿಡದೆ ಇರಕೂಡದು. ಆ ಒಂದು ಖಾಲಿ ಜಾಗ ತಪ್ಪಿದರೆ ಆಜ್ಞೆ ಬಿದ್ದುಹೋಗಿ ಯಂತ್ರ ಪುಟಗಟ್ಟಲೆ ವ್ಯಾಕರಣ ಬೋಧಿಸುತ್ತದೆ. ವೇದಪಾಠದಲ್ಲಿ ಸ್ವರ ತಪ್ಪಿದರೆ ಕೇಡೆಂಬುದನ್ನು ಮೂಢನಂಬಿಕೆ ಎಂದವರು ಈ ಆಜ್ಞೆಯ ಮುಂದೆ ಒಮ್ಮೆ ಕೂತು ಏಳಬೇಕು. ಮೂರನೆಯ ಮೆಟ್ಟಿಲು ಎಸ್‌ಸಿ ಡಿಲೀಟ್. ಇದನ್ನು ಹತ್ತುವ ಮುನ್ನ ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಳ್ಳುವುದು ಧರ್ಮ. ಇಷ್ಟೆಲ್ಲ ಅಡ್ಮಿನಿಸ್ಟ್ರೇಟರ್ ಆದವನಿಗೆ ಮಾತ್ರ ಸಾಧ್ಯ, ಅವನ ತಲೆಯ ಮೇಲೂ ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬ ಒಡೆಯನಿದ್ದಾನೆ. ಕಂಪ್ಯೂಟರ್ ಕೊಂಡವರು ಯಾರು, ಅದರ ಯಜಮಾನರು ಯಾರು ಎಂಬುದು ಈ ಪ್ರಬಂಧದ ವ್ಯಾಪ್ತಿಯ ಹೊರಗಿನ ನೋವು.

ಇಲ್ಲೊಂದು ಸೂಕ್ಷ್ಮವನ್ನು ಹತ್ತಿರದಿಂದ ನೋಡಬೇಕು. ಕಮಾಂಡ್ ಪ್ರಾಂಪ್ಟಿನ ಕಪ್ಪು ಕಿಟಕಿಯಲ್ಲಿ ಎಸ್‌ಸಿ ಸ್ಟಾಪ್ ಡಯಾಗ್‌ಟ್ರ್ಯಾಕ್ ಎಂದರೆ ಸೇವೆ ನಿಲ್ಲುತ್ತದೆ. ಅದೇ ಮೂರು ಪದಗಳನ್ನು ಪಕ್ಕದ ನೀಲಿ ಕಿಟಕಿಯಲ್ಲಿ, ಅಂದರೆ ವಿಂಡೋಸ್ ಪವರ್‌ಶೆಲ್‌ನಲ್ಲಿ ಹೊಡೆದರೆ ಸೇವೆ ನಿಲ್ಲುವುದಿಲ್ಲ, ದೋಷವೂ ಕಾಣಿಸುವುದಿಲ್ಲ. ಅಲ್ಲಿ ಎಸ್‌ಸಿ ಎಂಬುದು 'ಕಡತದಲ್ಲಿ ಬರೆ' ಎಂಬ ಬೇರೊಂದು ಆಜ್ಞೆಯ ಅಡ್ಡಹೆಸರು. ಆದ್ದರಿಂದ ಯಂತ್ರ ವಿನಯದಿಂದ 'ಸ್ಟಾಪ್' ಎಂಬ ಹೊಸ ಕಡತ ತೆರೆದು, ಅದರೊಳಗೆ 'ಡಯಾಗ್‌ಟ್ರ್ಯಾಕ್' ಎಂದು ಬರೆದಿಟ್ಟು, ಮುಂದಿನ ಅಪ್ಪಣೆಗೆ ಕಾಯುತ್ತದೆ. ನಿಲ್ಲಿಸಿ ಎಂಬ ಆದೇಶ ಹೋಗಿ ನಿಲ್ಲಿಸುವಿಕೆಯ ಕಡತವಾಯಿತು. ನಿಲ್ಲಬೇಕಾದದ್ದು ಓಡುತ್ತಲೇ ಇದೆ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಸವೆಸಿದವರೂ ಇಷ್ಟು ಶುದ್ಧವಾಗಿ ಈ ಕೆಲಸ ಮಾಡಲಾರರು. ನೀಲಿ ಕಿಟಕಿಯಲ್ಲಿ ಕೂತವರು ಎಸ್‌ಸಿಯ ಕೊನೆಗೆ ಚುಕ್ಕಿ ಇಟ್ಟು ಇಎಕ್ಸ್‌ಇ ಎಂದು ಸೇರಿಸಿದರೆ ಈ ಕಡತ ವಿಲೇವಾರಿಯಾಗುತ್ತದೆ.

ಸ್ಟೋರ್ ಆ್ಯಪ್‌ಗಳಿಗೆ ವಿಧಿ ಬೇರೆ. ರಿಮೂವ್ ಆ್ಯಪ್‌ಎಕ್ಸ್ ಪ್ಯಾಕೇಜ್ ಎಂಬ ಆಜ್ಞೆ ಈಗ ಕೂತಿರುವ ಬಳಕೆದಾರನ ಖಾತೆಯಿಂದ ಮಾತ್ರ ಆಟವನ್ನು ತೆಗೆಯುತ್ತದೆ. ಮನೆಯ ಮಗಳಿಗೆಂದು ಹೊಸ ಖಾತೆ ತೆರೆದರೆ ಅದು ಮತ್ತೆ ಹಲ್ಲುಕಿರಿದು ನಿಂತಿರುತ್ತದೆ, ಏಕೆಂದರೆ ಮುಂದೆ ಬರಬಹುದಾದ ಎಲ್ಲ ಬಳಕೆದಾರರಿಗೂ ಆಗುವ ಒಂದು ಪ್ರತಿಯನ್ನು ಯಂತ್ರ ಮೊದಲೇ ಎತ್ತಿಟ್ಟಿರುತ್ತದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದನ್ನು ಗಾದೆಯೆಂದುಕೊಂಡಿದ್ದೆವು. ರೆಡ್ಮಂಡ್‌ನಲ್ಲಿ ಅದನ್ನು ಪ್ರಾವಿಷನ್ಡ್ ಪ್ಯಾಕೇಜ್ ಎನ್ನುತ್ತಾರೆ. ಕುಲಾವಿಯನ್ನು ತೆಗೆಯಲು ಪ್ರತ್ಯೇಕ ಆಜ್ಞೆ ಇದೆ, ಎರಡನ್ನೂ ಕೊಡಬೇಕು.

ಈ ಮೂರು ಮೆಟ್ಟಿಲುಗಳನ್ನು ಬೆರೆಸಿದರೆ ಏನಾಗುತ್ತದೆ ಎಂಬುದಕ್ಕೆ ಮಹಾದೃಷ್ಟಾಂತ 2001ರ ಫೆಬ್ರುವರಿ 28. ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಕೈಗೆತ್ತಿಕೊಂಡ, 1956ರಲ್ಲಿ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆದ ಗಣಿಗಳನ್ನು ಆ ದಿನ ಮುಚ್ಚಲಾಯಿತು. ಸುಮಾರು 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ವ್ಯವಸ್ಥೆಗೆ ಕೊಟ್ಟದ್ದು ಬರೀ ಸ್ಟಾಪ್ ಆಜ್ಞೆ. ಪಂಪು ನಿಂತಿತು, ನೀರು ಏರಿತು. ಮೂರು ಕಿಲೋಮೀಟರಿಗೂ ಆಳದ ಗಣಿಯ ಶಾಫ್ಟುಗಳು ಇದ್ದಲ್ಲೇ ಇದ್ದವು. ಸೈನೈಡ್ ದಿಬ್ಬ ಅಲುಗಲಿಲ್ಲ. ಕಂಪನಿ ನ್ಯಾಯಾಲಯದ ಕಡತಗಳಲ್ಲಿ ವರ್ಷಗಟ್ಟಲೆ ಉಸಿರಾಡಿತು. ಅದಕ್ಕಿಂತ ಮುಖ್ಯವಾಗಿ, ಎಸ್‌ಸಿ ಎನಮ್‌ಡಿಪೆಂಡ್ ಎಂಬ ಆಜ್ಞೆಯನ್ನು ಯಾರೂ ಮೊದಲು ಕೊಡಲಿಲ್ಲ. ಒಂದು ಸೇವೆಯನ್ನು ನಿಲ್ಲಿಸಿದರೆ ಅದನ್ನು ನಂಬಿದ ಯಾವ ಯಾವ ಸೇವೆಗಳು ಬೀಳುತ್ತವೆ ಎಂಬ ಪಟ್ಟಿಯನ್ನು ಕೊಡುವುದು ಆ ಆಜ್ಞೆ. ಕೊಟ್ಟಿದ್ದರೆ ಏನು ಕಾಣುತ್ತಿತ್ತು? 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದದ್ದು ಗಣಿಗಾಗಿ; ಬೇತಮಂಗಲದ ಕೆರೆಯಿಂದ ನೀರು ಹತ್ತಿಸಿದ್ದು ಗಣಿಗಾಗಿ; ಆಸ್ಪತ್ರೆ ಗಣಿಯದು, ಕಾರ್ಮಿಕರ ಲೈನುಗಳ ಸಾಲುಮನೆಗಳು ಗಣಿಯವು. ಲೆಕ್ಕಪತ್ರದ ನಷ್ಟದ ಸಾಲೊಂದನ್ನು ನೋಡಿ ಕೊಟ್ಟ ಆಜ್ಞೆ ಇಡೀ ಊರನ್ನು ಅವಲಂಬಿತ ಸೇವೆಗಳ ಪಟ್ಟಿಯೊಡನೆ ಎಳೆದುಕೊಂಡು ಹೋಯಿತು. ಉಳಿದವರು ಬೆಳಗಿನ ಗಾಡಿ ಹಿಡಿದು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೊರಟರು, ಸಾವಿರಾರು ಜನ ಇಂದಿಗೂ ಹೊರಡುತ್ತಾರೆ.

ಪೂರ್ವಪಕ್ಷ ಖಂಡನ

ಮೊದಲ ಪೂರ್ವಪಕ್ಷ ಬಂಗಾರಪೇಟೆ ಬಜಾರಿನ ಕಂಪ್ಯೂಟರ್ ಅಂಗಡಿಯ ದರ್ಶನದಿಂದ ಬರುತ್ತದೆ: 'ಅಣ್ಣಾ, ಒಂದೊಂದನ್ನೇ ಎಲ್ಲಿ ಹುಡುಕ್ತಾ ಕೂರ್ತೀರ, ಫಾರ್ಮ್ಯಾಟ್ ಹೊಡ್ಸಿಬಿಡಿ, ಹೊಸಾ ಸಿಸ್ಟಂ ಆಗೋಗ್ತದೆ.' ಈ ಪಂಥ ಜನಪ್ರಿಯ, ಅದರ ಶುಲ್ಕವೂ ಕೈಗೆಟಕುವಂಥದ್ದು. ಆದರೆ ಇಲಿ ಹೊಕ್ಕಿತೆಂದು ಮನೆಗೆ ಬೆಂಕಿ ಇಡುವವರು ಇಲಿ ಬಂದ ದಾರಿಯನ್ನು ವಿಚಾರಿಸಬೇಕು. ಲ್ಯಾಪ್‌ಟಾಪ್ ತಯಾರಕರು ಡಿಸ್ಕಿನ ಮೂಲೆಯಲ್ಲಿ ಬಚ್ಚಿಟ್ಟ ರಿಕವರಿ ಪ್ರತಿಯಿಂದಲೇ ವಿಂಡೋಸ್ ಮತ್ತೆ ಹಾಕಿದರೆ, ಅದರೊಳಗಿದ್ದ ಪ್ರಯೋಗಾವಧಿಯ ಆ್ಯಂಟಿವೈರಸ್ಸೂ ತಯಾರಕರ 'ಸಹಾಯಕ'ನೂ ಮಿಂದು ಮಡಿಯುಟ್ಟು ಮರಳಿ ಬರುತ್ತಾರೆ. ಹೋಗುವುದು ಮದುವೆಯ ಫೋಟೊಗಳು ಮಾತ್ರ.

ಎರಡನೆಯ ಪೂರ್ವಪಕ್ಷ: ಸೆಟ್ಟಿಂಗ್ಸ್‌ನಲ್ಲಿ ಚೆಂದದ ಪಟ್ಟಿ, ಅದರ ಪಕ್ಕ ಅನ್‌ಇನ್‌ಸ್ಟಾಲ್ ಗುಂಡಿ ಇರುವಾಗ ಏನೂ ಕಾಣದ ಕಪ್ಪು ಪರದೆಯ ಮೇಲೆ ಈ ತಪಸ್ಸೇಕೆ? ಸಮಾಧಾನವನ್ನು ಬಂಗಾರಪೇಟೆಯ ಪಾನಿಪೂರಿಯೇ ಹೇಳುತ್ತದೆ. ಬೇರೆ ಊರುಗಳ ಪಾನಿ ಹಸಿರು ಬಣ್ಣದಲ್ಲಿ ಮೊದಲೇ ಎಚ್ಚರಿಸುತ್ತದೆ. ಇಲ್ಲಿಯದು ನಲ್ಲಿ ನೀರಿನಂತೆ ತಿಳಿಯಾಗಿ ನಿಂತು, ಬಾಯಿಗೆ ಬಿದ್ದ ಮೇಲೆ ತಾನು ಯಾರೆಂದು ಹೇಳುತ್ತದೆ. ಬಣ್ಣ ನೋಡಿ ಖಾರ ಅಳೆಯುವವರಿಗೆ ಈ ಊರಿನಲ್ಲೂ ಈ ಶಾಸ್ತ್ರದಲ್ಲೂ ಉಳಿಗಾಲವಿಲ್ಲ. ಅದೂ ಅಲ್ಲದೆ ಆ ಚೆಂದದ ಪಟ್ಟಿಯಲ್ಲಿ ಹಿನ್ನೆಲೆ ಸೇವೆಗಳೂ ವೇಳಾಪಟ್ಟಿಗೆ ಹಚ್ಚಿದ ಕೆಲಸಗಳೂ ಬರುವುದೇ ಇಲ್ಲ, ಬಂದವುಗಳಲ್ಲೂ ಕೆಲವರ ಗುಂಡಿ ಮಸುಕಾಗಿರುತ್ತದೆ. ಮಸುಕು ಎಲ್ಲ ದೇಶಕ್ಕೂ ಒಂದೇ ಅಲ್ಲ. ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಬಂದ ಮೇಲೆ, 2024ರಿಂದ ಯುರೋಪಿನವರಿಗೆ ಎಡ್ಜ್ ಬ್ರೌಸರನ್ನು ತೆಗೆಯಲು ಬಿಟ್ಟರು. ಪ್ಯಾರಿಸಿನಲ್ಲಿ ಕಳಚಿಬರುವುದು ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ ಯಂತ್ರದ ಅವಿಭಾಜ್ಯ ಅಂಗ. ಅನಿವಾರ್ಯವೆಂದು ಹೇಳಿದ್ದೆಲ್ಲ ಅನಿವಾರ್ಯವಲ್ಲ ಎಂಬುದಕ್ಕೆ ಕಾನೂನಿನ ಈ ಸಾಕ್ಷಿ ಸಾಕು.

ಮೂರನೆಯವರು ನಮ್ಮ ಕಡೆಯವರೇ, ಅತ್ಯುತ್ಸಾಹಿಗಳು. ಹೆಸರು ಕಲಿಯುವ ಗೋಜೇ ಬೇಡ, ನಕ್ಷತ್ರ ಚಿಹ್ನೆ ಇದೆಯಲ್ಲ. ಸಿಕ್ಕಿದ್ದನ್ನೆಲ್ಲ ಒಂದೇ ಸಾಲಿನಲ್ಲಿ ರಿಮೂವ್‌ಗೆ ಹರಿಸಿಬಿಡೋಣ ಎನ್ನುತ್ತಾರೆ. ಹರಿಸಿದರೆ ಆಟಗಳ ಜೊತೆಗೆ ಫೋಟೊ ತೋರಿಸುವುದೂ ಹೋಗುತ್ತದೆ, ಹೋದದ್ದನ್ನು ಮತ್ತೆ ತರಬೇಕಾದ ಸ್ಟೋರೂ ಹೋಗುತ್ತದೆ, ಕ್ಯಾಲ್ಕ್ಯುಲೇಟರೂ ಹೋಗುತ್ತದೆ. ಎಷ್ಟು ಮೆಮೊರಿ ಉಳಿಯಿತೆಂದು ಬೆರಳು ಮಡಿಸಿ ಎಣಿಸಬೇಕು. ಕಮಾಂಡ್ ಲೈನಿನ ಹಿರಿಮೆ ಅದರ ಬಲದಲ್ಲಿದೆ ಎಂಬುದು ಇವರ ಭ್ರಮೆ. ಹೆಸರು ಹಿಡಿದು ಕೂಗದೆ ಯಾರನ್ನೂ ಮುಟ್ಟಲು ಬಿಡದ ಕಟ್ಟುನಿಟ್ಟಿನಲ್ಲಿ ಅದರ ಹಿರಿಮೆ ಇದೆ. ನಕ್ಷತ್ರ ಹಾಕಿದವರು ಆ ಕಟ್ಟನ್ನು ತಾವೇ ಕಡಿದುಕೊಳ್ಳುತ್ತಾರೆ. 2001ರಲ್ಲಿ ಹಾಕಿದ್ದೂ ನಕ್ಷತ್ರವೇ.

ನಾಲ್ಕನೆಯವರು ಉದಾರಿಗಳು. ಮೆಮೊರಿ ಈಗ ಅಗ್ಗ, ಮೂಲೆಯಲ್ಲಿ ಏನೋ ಒಂದು ಓಡಿಕೊಂಡಿದ್ದರೆ ನಮ್ಮ ಗಂಟೇನು ಹೋಗುತ್ತದೆ ಎನ್ನುತ್ತಾರೆ. ಡಯಾಗ್‌ಟ್ರ್ಯಾಕ್ ತಿನ್ನುವ ಮೆಮೊರಿ ಕಡಿಮೆಯೇ, ಒಪ್ಪೋಣ. ಅದು ಮಾಡುವ ಕೆಲಸ ಯಂತ್ರದ ಸಮಾಚಾರವನ್ನು ಊರಾಚೆಗೆ ವರದಿ ಮಾಡುವುದು. ವರದಿಯ ತೂಕ ಕಡಿಮೆಯೆಂದು ಒಪ್ಪಿಕೊಳ್ಳುವುದಾಗಿದ್ದರೆ ಬೆರಳಚ್ಚಿನ ತೂಕವೆಷ್ಟು? ಒಂದು ತೊಟ್ಟು ಶಾಯಿ. ಆದರೂ ಕಾರ್ಮಿಕರ ಬೆರಳಚ್ಚು ನೋಂದಣಿಯ ವಿರುದ್ಧ 1930ರಲ್ಲಿ ಕೆಜಿಎಫ್ ಮುಷ್ಕರ ಹೂಡಿತು. ಪಾಳಿ ಮುಗಿಸಿ ಮೇಲೆ ಬಂದಾಗ ಮೈ ತಡವಿ ನೋಡುವ ತಪಾಸಣೆಯನ್ನು ಸಹಿಸಿಕೊಂಡಿದ್ದವರು, ಹಿನ್ನೆಲೆಯಲ್ಲಿ ತಮ್ಮ ಗುರುತನ್ನು ಹಿಡಿದಿಟ್ಟುಕೊಳ್ಳುವ ಪುಸ್ತಕ ಬೇಡವೆಂದರು. ಟೆಲಿಮೆಟ್ರಿ ಬೇಡವೆನ್ನುವವರ ಸಾಹಿತ್ಯ ಇಂದು ಬೆಳೆದಿದೆ. ಅದರ ಮೊದಲ ಅಧ್ಯಾಯವನ್ನು ಮಾರಿಕುಪ್ಪಂ ಮತ್ತು ಊರಿಗಾಂ ಲೈನುಗಳಿಂದ ಬರೆಯಲು ಶುರುಮಾಡುವುದು ಔಚಿತ್ಯ.

ಕೊನೆಯ ಆಕ್ಷೇಪ ತೂಕದ್ದು. ಬದುಕು ಕಳೆದುಕೊಂಡ ಊರನ್ನು ಬೇಡದ ತಂತ್ರಾಂಶಕ್ಕೆ ಉಪಮಾನ ಮಾಡುವುದು ಅಣಕವೇ ಆದರೂ ಅಸಹ್ಯವಲ್ಲವೆ? ಉತ್ತರ: ಆ ಉಪಮೆಯನ್ನು ಕಟ್ಟಿದವರು ನಾವಲ್ಲ. ಶತಮಾನ ದುಡಿದ ಜನರನ್ನು 'ಹೆಚ್ಚುವರಿ' ಎಂಬ ಕಲಮಿನಲ್ಲಿ ಬರೆದ ಲೆಕ್ಕಪತ್ರದ ಭಾಷೆ ಅದನ್ನು ಮೊದಲೇ ಕಟ್ಟಿತ್ತು. ಈ ಪ್ರಬಂಧ ತೋರಿಸಹೊರಟದ್ದು ಅದರ ವಿರುದ್ಧವನ್ನು: ಒಂದು ಜುಜುಬಿ ಆಟವನ್ನು ಕೀಳುವಾಗಲೂ ಪಟ್ಟಿ ಓದು, ನಿಜನಾಮ ತಿಳಿ, ಯಾರು ಅದನ್ನು ನಂಬಿದ್ದಾರೆ ಕೇಳು, ಹಿಂದಿರುಗುವ ದಾರಿ ಇಟ್ಟುಕೋ ಎಂದು ಯಂತ್ರವೇ ಹೇಳುತ್ತಿರುವಾಗ, ಒಂದು ಊರನ್ನು ನಿಲ್ಲಿಸುವವರಿಗೆ ಇವುಗಳಲ್ಲಿ ಒಂದಾದರೂ ನಿಯಮ ಏಕಿರಲಿಲ್ಲ? ತಂತ್ರಾಂಶಕ್ಕೆ ಸಿಕ್ಕ ಮರ್ಯಾದೆ ಮನುಷ್ಯರಿಗೆ ಸಿಗಲಿಲ್ಲ ಎಂಬುದು ಉಪಮೆಯ ದೋಷವಲ್ಲ.

ಸಿದ್ಧಾಂತ ಮತ್ತು ಫಲಶ್ರುತಿ

ಇಷ್ಟರಿಂದ ಸಿದ್ಧವಾದದ್ದು: ಉಚ್ಚಾಟನೆಯ ತೊಂಬತ್ತು ಪಾಲು ಓದುವ ಕೆಲಸ, ಹತ್ತು ಪಾಲು ಕೀಳುವ ಕೆಲಸ. ಪಟ್ಟಿಯನ್ನು ಓದಬಲ್ಲವರಿಗೆ ಒಂದು ಆಜ್ಞೆ ಸಾಕು. ಓದಲಾರದವರ ಕೈಯಲ್ಲಿ ಸಾವಿರ ಆಜ್ಞೆಗಳಿದ್ದರೂ ಅವರು ಮಾಡುವುದು ನಕ್ಷತ್ರ ಪೂಜೆ. ಈ ಪ್ರಬಂಧವನ್ನು ಶ್ರದ್ಧೆಯಿಂದ ಓದಿದವರ ಕಂಪ್ಯೂಟರ್ ತಕ್ಷಣ ಚುರುಕಾಗುತ್ತದೆಂದು ನಾವು ಆಣೆ ಮಾಡಲಾರೆವು. ಇದನ್ನು ಓದುತ್ತಿದ್ದಷ್ಟು ಹೊತ್ತು ಅವರು ಏನನ್ನೂ ಕೀಳದೆ ಇದ್ದುದರಿಂದ ಯಂತ್ರಕ್ಕೆ ಒಳಿತಾಗಿದೆ ಎಂದಷ್ಟೇ ಧೈರ್ಯವಾಗಿ ಹೇಳಬಹುದು. ಮುಂದಿನ ಸಂಶೋಧಕರಿಗೆ ಒಂದು ವಿಷಯ ಬಿಟ್ಟಿದ್ದೇವೆ. ಎಲ್ಲವನ್ನೂ ವಿಧಿವತ್ತಾಗಿ ಕಿತ್ತು, ದಣಿದು ಮಲಗಿದ ರಾತ್ರಿ ವಿಂಡೋಸ್ ತನ್ನ ದೊಡ್ಡ ಅಪ್‌ಡೇಟ್ ಹಾಕಿಕೊಂಡು, ಬೆಳಗಾಗುವಷ್ಟರಲ್ಲಿ ಕಿತ್ತವುಗಳಲ್ಲಿ ಕೆಲವನ್ನು ಮತ್ತೆ ಕರೆತಂದಿರುತ್ತದೆ. ಇದು ಪುನರ್ಜನ್ಮದ ವಿಷಯವಾದ್ದರಿಂದ ತತ್ತ್ವಶಾಸ್ತ್ರ ವಿಭಾಗಕ್ಕೆ ವರ್ಗಾಯಿಸಲಾಗಿದೆ. ಕಡತದ ಹೆಸರು 'ಸ್ಟಾಪ್'.